ನಡುವಿನ ಗೆರಿ ಮ್ಯಾಲಿನ ಮನಿ

ನನಗ ಹೆಣ್ಣು ಹುಡುಕಾಕ ಹತ್ತಿ ಭಾಳ ದಿನಾ ಆಗಿತ್ತು. ವಯಸ್ಸೂ ಮೀರಾಕ ಹತ್ತಿತ್ತು. ಅಂಥಾದ್ರಾಗ ಮುಂಡರಗಿ ಕಡಿಂದ ಒಂದು ಸಂಬಂಧ ಬಂತು. ನಡುವ ನಿಂತು ಮಾತಾಡಿದಾಕಿ ನಮ್ಮ ಚಿಗವ್ವ. ಆಕಿ ಅವರಿಗೆ, "ಹುಡುಗಂದು ಗದಗರಿ, ಜಿಲ್ಲಾ ಊರು" ಅಂತ ಹೇಳಿಬಿಟ್ಟಿದ್ಳು. ನಮ್ಮ ಮನಿ ಇರೂದು ಬೆಟಗೇರಿಯಾಗ.

ಎರಡೂ ಕೂಡಿ ಒಂದ ಊರು ಅಂತ ಸರಕಾರ ಹೇಳ್ತೈತಿ. ಹೆಸರು ಬರಿಯಾಗ ನಡುವ ಸಣ್ಣದೊಂದು ಗೆರಿ ಎಳದು ಜೋಡಸ್ತಾರ. ಆದರ ಗದಗಿನ ಮಂದಿ ನಮ್ಮ ಕಡೆ ಬರಬೇಕಾದ್ರ ಪರಊರಿಗೆ ಹೊಂಟವರಂಗ ಮನ್ಯಾಗ ಹೇಳಿ ಬರ್ತಾರ. ನಾವೇನು ಕಡಿಮಿ ಇಲ್ಲ. ಲಕ್ಷ್ಮೇಶ್ವರಕ್ಕ ಹೋದ್ವಿ ಅಂದ್ರ ನಾವೂ ಗದಗಿನವರ.

ಮನಿ ನೋಡಾಕ ಹುಡುಗಿ ಅಪ್ಪ ಬಂದರು. ಗದಗ ಬಸ್ ಸ್ಟ್ಯಾಂಡಿನಿಂದ ನಾನ ಆಟೋದಾಗ ಕರಕೊಂಡು ಹೊಂಟೆ. ಅವರು ಹೊರಗ ನೋಡಿಕೋತ ಅಂಗಡಿ ಬೋರ್ಡ್ ಓದಾಕ ಹತ್ತಿದರು. ಓದಾಕ ಬರಲಾರದ ಮಾವ ಸಿಕ್ಕಿದ್ರ ಎಷ್ಟು ಚಲೋ ಇತ್ತು.

"ಇಲ್ಲೆಲ್ಲಾ ಬೆಟಗೇರಿ ಅಂತ ಬರದಾರಲ್ರಿ," ಅಂದರು.

"ಎರಡೂ ಒಂದ ನಗರಸಭೆರಿ. ಜನಗಣತಿಯೊಳಗ ಕೂಡಿಸೇ ಎಣಸ್ತಾರ್ರಿ," ಅಂದೆ. ಮೂವತ್ತು ದಾಟಿದ ಮ್ಯಾಲ ಎಸ್ಸೆಸ್ಸೆಲ್ಸಿ ಪಾಸಾದಾವ ನಾನು. ಕಲತದ್ದೆಲ್ಲಾ ಅಲ್ಲೇ ಖರ್ಚಾತು.

"ತಲಿ ಎಣಸಾಕ ಒಂದ ಊರು, ಖರೆ. ಹೆಣ್ಣು ಕೊಡಾಕ ಯಾವ ಊರು ಹೇಳ್ರಿ."

ಆಟೋದಾವ ಹಿಂದ ಹೊಳ್ಳಿ, "ಗದಗ ಮುಗದು ಭಾಳ ಹೊತ್ತಾತ್ರೀ ಯಜಮಾನ್ರ," ಅಂದ. ಅವನ್ನ ಯಾರು ಕೇಳಿದ್ರು?

ಮನ್ಯಾಗ ಅವಲಕ್ಕಿ ಮುಂದಿಟ್ಟರೂ ಅವರ ಮಾರಿ ಗಂಟಿಕ್ಕೇ ಇತ್ತು. "ನಮ್ಮ ಹುಡುಗಿಗೆ ಗದಗ ಅಂತ ಹೇಳೀವ್ರಿ," ಅಂದರು. ಈ ಸಂಬಂಧಾನೂ ಹೋತು ಅಂತ ತಿಳದೆ.

ಚಿಗವ್ವ ಅಂದ್ಳು, "ನಡುವ ಗೆರಿ ಐತಲ್ರಿ, ನಮ್ಮ ಮನಿ ಅದರ ಮ್ಯಾಲ ಐತಿ ಅಂತ ತಿಳೀರಿ. ಅದಿರ್ಲಿ, ಹೆಣ್ಣು ನೋಡಾಕ ನಾವು ಬಂದ್ರ ಮುಂಡರಗ್ಯಾಗ ಎಲ್ಲಿ ಇಳೀಬೇಕ್ರಿ?"

ಅವರು ಚಹಾದ ಕಪ್ಪಿನಾಗ ನೋಡಿದರು. "ಮುಂಡರಗಿ ಅಂದ್ರ... ಅಲ್ಲಿ ಇಳದು ಟಂಟಂ ಹತ್ತಬೇಕ್ರಿ. ಹೊಳಿ ಕಡೆ."

"ಟಂಟಂ ಮನಿಮಟಾ ಬರ್ತೈತ್ರಿ?"

"ಕ್ರಾಸಿನಮಟಾರಿ. ಮುಂದ ಯಾರದರ ಗಾಡಿ ಸಿಗ್ತಾವ."

"ಹಂಗಾರ ಅದೂ ಮುಂಡರಗಿನ ಬಿಡ್ರಿ," ಅಂತ ಚಿಗವ್ವ ಇನ್ನಷ್ಟು ಅವಲಕ್ಕಿ ಹಾಕಿದ್ಳು. ಈ ಸಲ ಅವರು ಬ್ಯಾಡ ಅನ್ನಲಿಲ್ಲ.

ಲಗ್ನಪತ್ರಿಕಾದಾಗ ಎರಡೂ ಕಡೆಯವರು ತಂತಮ್ಮ ಸುಳ್ಳು ಹಂಗ ಇಟ್ಟರು: ಗದಗ, ಮುಂಡರಗಿ. ಲಗ್ನಕ್ಕ ಬಂದ ಬೀಗರನ್ನ ಕೇಳಿದ್ರ ಒಬ್ಬರದು ಶಿರಹಟ್ಟಿ, ಒಬ್ಬರದು ಲಕ್ಷ್ಮೇಶ್ವರ. ಅಷ್ಟೂ ಮಂದಿ ಖರೇನ ಆ ದೊಡ್ಡ ಊರಾಗ ಇದ್ದಿದ್ರ ನಮ್ಮ ಜಿಲ್ಲಾದ ಹಳ್ಳಿಗೆಲ್ಲಾ ಕೀಲಿ ಹಾಕಬೇಕಾಗ್ತಿತ್ತು.

ಈಗ ನನ್ನ ಹೆಂಡತಿ ತವರಿಗೆ ಫೋನ್ ಹಚ್ಚಿದ್ರ "ನಮ್ಮ ಗದಗಿನಾಗ" ಅಂತ ಶುರು ಮಾಡ್ತಾಳ. ನನ್ನ ಮ್ಯಾಲ ಸಿಟ್ಟು ಬಂದಾಗಷ್ಟ, "ಈ ಬೆಟಗೇರಿಗೆ ಯಾಕರ ಕೊಟ್ರೋ" ಅಂತಾಳ. ನಾನೂ ಸುಮ್ಮನಿರೂದಿಲ್ಲ. ನಿಮ್ಮ ಮುಂಡರಗಿ ಟಂಟಂ ಎಷ್ಟೊತ್ತಿಗೆ ಐತಿ ಅಂತ ಕೇಳ್ತೀನಿ.