ಅಳದ ಕೂಸಿನ ಹುಬ್ಬು

ಕೂಸಿಗೆ ಇಪ್ಪತ್ತೊಂದು ದಿನ. ನಿತ್ಯದಂತೆ ಬೆಳಿಗ್ಗೆ ಎಂಟಕ್ಕೆ, ಚಾಚಿದ ಕಾಲ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಬಲಗಾಲು ಒದೆಯಿತು. ಎಡಗಾಲು ಇಟ್ಟಲ್ಲೇ ಇತ್ತು.

ನರ ಹಿಡಿದಿದೆ ಎಂದುಕೊಂಡೆ. ಹನ್ನೆರಡು ಕೂಸುಗಳನ್ನು ಎರೆದ ಕೈ ನನ್ನದು. ಎಡಗಾಲನ್ನು ಅದರ ಬಲಗೈಗೆ ಮುಟ್ಟುವಂತೆ ಎಳೆದು ಮಡಚಿದೆ. ಕೂಸು ಕಿರುಚಿತು. ಎರೆಯುವಾಗ ಅಳದ ಕೂಸು ಯಾವುದು? ಮರುದಿನವೂ ಎಂಟಕ್ಕೆ ಎಳೆದೆ. ಮೂರನೆಯ ದಿನ, ಬಾಣಂತನಕ್ಕೆ ಬಂದಿದ್ದ ಮಗಳು ಕಸ್ತೂರಿ ಇವತ್ತೊಂದು ದಿನ ಬಿಡು ಎಂದು ಅಂಗಲಾಚಿದಳು. ಬಿಟ್ಟರೆ ಮೈ ಬಿಗಿಯುತ್ತದೆ ಎಂದು ಗದರಿ ಮತ್ತೆ ಎಳೆದೆ.

ನಾಲ್ಕನೆಯ ದಿನ ಕೂಸು ಅಳಲಿಲ್ಲ.

"ನೋಡ, ನರ ಬಿಡ್ತು," ಎಂದೆ.

ಮಧ್ಯಾಹ್ನ ಅದು ಮೊಲೆ ಹಿಡಿಯಲಿಲ್ಲ. ಮೈ ಸುಡುತ್ತಿತ್ತು. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಎಸ್.ಟಿ. ಹತ್ತಿದೆವು. ಬಸ್ಸು ಕುಲುಕಿದಾಗಲೆಲ್ಲ ಕೂಸಿನ ಗದ್ದ ಸದ್ದಿಲ್ಲದೆ ನಡುಗುತ್ತಿತ್ತು. ಚಳಿ ಎಂದುಕೊಂಡು ಕುಂಚಿಗೆ ಬಿಗಿದೆ.

ಸೊಂಟದ ಜಾಯಿಂಟಿನಲ್ಲಿ ಕೀವು ತುಂಬಿದೆ, ಇವತ್ತೇ ಆಪರೇಶನ್ ಎಂದು ಅಲ್ಲಿಯ ಆಸ್ಪತ್ರೆಯ ಡಾಕ್ಟರು ಮರಾಠಿಯಲ್ಲಿ ಹೇಳಿದರು. ಕಾಲು ಉಳಿಯುತ್ತದೆಯೇ ಎಂದು ಕಸ್ತೂರಿ ಕೇಳಿದಳು. ಮೊದಲು ಜೀವ ಉಳಿಯಲಿ ಎಂದರು.

ಎಳೆದದ್ದು ನಾನು.

ವಾರ್ಡಿನ ಸಿಸ್ಟರ್ ಗಡಹಿಂಗ್ಲಜದ ಕನ್ನಡದವಳು. ಅಳುವೇ ನಿಂತಿತ್ತಲ್ಲ ಎಂದು ಅವಳ ಮುಂದೆ ತೊದಲಿದೆ.

"ಅಳಾಕ ತ್ರಾಣ ಇಲ್ಲದ್ದಕ್ಕ ನಿಂತೈತ್ರಿ ಆಯಿ. ನೋವು ನಿಂತಿಲ್ಲ. ಮಾರಿ ನೋಡ್ರಿ."

ತೋರಿಸಿದಳು. ಹುಬ್ಬುಗಳ ನಡುವೆ ಗಂಟು. ಹಿಂಡಿ ಮುಚ್ಚಿದ ಕಣ್ಣು. ಮೂಗಿನಿಂದ ತುಟಿಯಂಚಿಗೆ ಇಳಿದ ಗೆರೆ. ಹರಡಿ ನಿಂತ ಕಾಲ್ಬೆರಳು. ಹಸಿದ ಕೂಸಾದರೆ ಬಾಯಿಂದ ಮೊಲೆ ಹುಡುಕುತ್ತದೆ. ನೊಂದ ಕೂಸಿಗೆ ಮೊಲೆ ಕೊಟ್ಟರೂ ಆ ಗಂಟು ಸಡಿಲುವುದಿಲ್ಲ. ಇದೆಲ್ಲ ನನ್ನ ಕಾಲ ಮೇಲೇ ನಡೆದಿತ್ತು. ನನ್ನ ಕಣ್ಣು ಗಡಿಯಾರದ ಮೇಲಿತ್ತು.

ಆಪರೇಶನ್ ಆದ ಐದನೆಯ ದಿನ ಕೂಸು ಕಣ್ಣು ಮುಚ್ಚಿ ಸುಮ್ಮನಿತ್ತು.

"ಮಲಗೈತಿ ಬಿಡಬೇ," ಎಂದಳು ಕಸ್ತೂರಿ.

"ಮಲಗಿಲ್ಲ. ನೋಯಾಕತ್ತೈತಿ," ಎಂದೆ.

ಹುಬ್ಬಿನಲ್ಲಿ ಗಂಟಿತ್ತು. ಸಿಸ್ಟರ್ ಡಾಕ್ಟರನ್ನು ಕರೆತಂದಳು. ಇಷ್ಟು ಸಣ್ಣವಕ್ಕೆ ನೋವು ತಿಳಿಯುವುದಿಲ್ಲ ಎನ್ನುತ್ತಲೇ ಅವರು ಬ್ಯಾಂಡೇಜು ಬಿಚ್ಚಿದರು. ಕೀವು ಮತ್ತೆ ಕೂಡಿತ್ತು. ಆವತ್ತೇ ತೆಗೆದರು.

ಈಗ ಕೂಸಿಗೆ ಮೂರು ತಿಂಗಳು. ಎಡಗಾಲು ಸ್ವಲ್ಪ ಒದೆಯುತ್ತದೆ. ಎರಡೂ ಸಮ ಬೆಳೆಯುತ್ತವೋ ಇಲ್ಲವೋ, ನಡೆಯುವ ಕಾಲಕ್ಕೇ ತಿಳಿಯುವುದಂತೆ. ಅಲ್ಲಿಯವರೆಗೆ ಈ ಭಯ ನನ್ನದು. ಕಸ್ತೂರಿ ನನಗೆ ಒಂದು ಮಾತೂ ಅಂದಿಲ್ಲ. ಹಾಲು ಕುಡಿಸಿದ ಮೇಲೆ ತೇಗು ಬರಿಸಲು ಅವನನ್ನು ನನ್ನ ಹೆಗಲಿಗೇ ಕೊಡುತ್ತಾಳೆ. ಕತ್ತಿಗೆ ಅವನ ಉಸಿರು ತಾಗುವಾಗ ಅಲುಗದೆ ನಿಲ್ಲುತ್ತೇನೆ.