ಎಡಗಡೆಯ ಅರ್ಧ ಇಂಚು

ನಮ್ಮ ಬೀದಿಯ ಫ್ರೇಮಿನಂಗಡಿಯ ಯಜಮಾನರಿಗೆ ಜಗತ್ತಿನ ದೊಡ್ಡ ದೊಡ್ಡ ಚಿತ್ರಗಳೆಲ್ಲ ಅಂಗೈ ನೆಲ್ಲಿಕಾಯಿ; ಆದರೆ ಒಂದರ ಅಸಲನ್ನೂ ಕಂಡವರಲ್ಲ. ಅವರಿಗೆ ಸೋಮವಾರ ರಜೆ, ಅಸಲುಗಳನ್ನು ತೂಗುಹಾಕಿರುವ ಚಿತ್ರಶಾಲೆಗೂ ಸೋಮವಾರವೇ. ಅಂಗಡಿಯಲ್ಲಿ ಮಾರುವ ಅಚ್ಚಿನ ಪ್ರತಿ ನೋಡಿ "ಇದು ಅಸಲೀನಾ?" ಎಂದವರಿಗೆಲ್ಲ ಆಕಳಿಸುತ್ತಲೇ ಒಂದೇ ಉತ್ತರ: "ಅಸಲಿ ಒಳಗಡೆ ಇದೆ ತಾಯಿ, ಇದು ಜಾಮೀನಿನ ಮೇಲೆ ಬಂದಿದೆ." ಗಿರಾಕಿಗಳೂ ಅಷ್ಟೇ, ಚಿತ್ರ ಕೇಳುವುದಿಲ್ಲ, ಸೋಫಾದ ಅಳತೆ ಹೇಳುತ್ತಾರೆ. ಸಮುದ್ರವಾಗಲಿ, ಯುದ್ಧವಾಗಲಿ, ಸಿದ್ಧ ಫ್ರೇಮಿಗೆ ಕೂರುವಂತೆ ಎಡಗಡೆ ಅರ್ಧ ಇಂಚು ಕತ್ತರಿಸಿ, ಗಾಜು ಹಾಕಿ, "ಎಣ್ಣೆ ಕೈಲಿ ಮುಟ್ಟಬೇಡಿ" ಎಂದು ಕೊಟ್ಟುಬಿಡುತ್ತಾರೆ. ಹೆಚ್ಚು ಹೋಗುವುದು ಬಾಗಿಲಲ್ಲಿ ನಿಂತು ಯಾರಿಗೋ ಕಾಯುವ ಹೆಂಗಸಿನ ಚಿತ್ರ. ಊರಿನ ಅರ್ಧ ಮನೆಗಳಲ್ಲಿ ಆಕೆ ಕಾಯುತ್ತಲೇ ಇದ್ದಾಳೆ. ಹೋದ ತಿಂಗಳು ಹೆಂಡತಿಯ ಕಾಟ ತಾಳಲಾರದೆ ಒಂದು ಭಾನುವಾರ ಅಂಗಡಿ ಮುಚ್ಚಿ ಚಿತ್ರಶಾಲೆಗೆ ಹೋಗಿಬಂದರು. ಆ ಚಿತ್ರದ ಅಸಲಿನ ಎಡ ಅಂಚಿನಲ್ಲಿ, ಹೊಸಿಲಿನತ್ತ ಇಟ್ಟ ಗಂಡಸಿನ ಪಾದದ ತುದಿ ಇತ್ತಂತೆ. ಮೂವತ್ತು ವರ್ಷದಿಂದ ಅದನ್ನು ಮಸಿಯ ಕಲೆಯೆಂದುಕೊಂಡು ಕತ್ತರಿಸುತ್ತ ಬಂದಿದ್ದರು. ಈಗ ಆ ಚಿತ್ರಕ್ಕೆ ಮಾತ್ರ ಕತ್ತರಿ ಮುಟ್ಟಿಸುವುದಿಲ್ಲ, ಫ್ರೇಮನ್ನೇ ಹೊಸದಾಗಿ ಕೊಯ್ಯುತ್ತಾರೆ. "ಪಾಪ, ಅವನು ಬಂದೇಬಿಟ್ಟಿದ್ದ ಕಣಪ್ಪಾ," ಎಂದರು ನನ್ನ ಹತ್ತಿರ, "ನಾನೇ ಒಳಗೆ ಬಿಡಲಿಲ್ಲ."