ಸೂರ್ಯಕಾಂತಿ ಹೊಲದಲ್ಲಿ ನನ್ನ ಪದ್ಯ

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಗಂಡುಹುಡುಗನನ್ನು ಕಂಡರೆ ಊರಿನವರಿಗೆಲ್ಲ ಉಪದೇಶ ಉಕ್ಕಿ ಬರುತ್ತದೆ. ಆಗ ನಾನು ಬರೆದದ್ದು ಇದು:

ಡಿಗ್ರಿ ಮುಗಿಯಿತು, ಮೀಸೆ ಬಂತು,
ಕೆಲಸ ಮಾತ್ರ ಬರಲಿಲ್ಲ;
ಊಟಕೆ ಕರೆದರೆ ಮೊದಲ ಪಂಕ್ತಿ,
ನೀರು ಹಾಯಿಸಲು ಆಳಿಲ್ಲ.

ನನ್ನ ಆಸೆಯಾದರೂ ಸಣ್ಣದು. ಗುಂಡ್ಲುಪೇಟೆ ಹತ್ತಿರದ ನಮ್ಮ ಹೊಲದಲ್ಲೇ ಬೇಸಾಯ ಮಾಡಿಕೊಂಡು, ಬಿಡುವಾದಾಗ ಪದ್ಯ ಬರೆದುಕೊಂಡಿರುವುದು. ಅಪ್ಪನಿಗೆ ನನ್ನ ಬೇಸಾಯದ ಮೇಲೆ ನಂಬಿಕೆಯಿರಲಿಲ್ಲ. ಪದ್ಯದ ವಿಷಯವಂತೂ ಕೇಳಲೇಬೇಡಿ.

“ಈ ಸಲ ಸೂರ್ಯಕಾಂತಿ ಕಾಯೋದು ನಿಂದು. ಬೆಳೆ ಹಾಳಾಗ್ದಂಗೆ ಉಳಿಸ್ಕೊಟ್ರೆ ಒಲ ನೋಡ್ಕಂಡು ಇಲ್ಲೇ ಇರು. ಇಲ್ಲಾಂದ್ರೆ ಚಾಮರಾಜನಗರಕ್ಕೋಗಿ ನಿಮ್ಮಾವನ ಸಿಮೆಂಟ್ ಅಂಗ್ಡೀಲಿ ಕೂತ್ಕೊ ಕಣ್ಲಾ” ಎಂದುಬಿಟ್ಟರು.

ಕಾಯಬೇಕಾದ್ದು ಗಿಳಿಗಳಿಂದಲ್ಲ, ಮೊಬೈಲುಗಳಿಂದ. ನಮ್ಮ ಹೊಲ ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಗೆ ಅಂಟಿಕೊಂಡೇ ಇದೆ. ಹೂ ಅರಳಿತೆಂದರೆ ಕಾರುಗಳು ನಿಲ್ಲುತ್ತವೆ, ಜನ ಸೆಲ್ಫಿಗೆಂದು ಒಳಗೆ ನುಗ್ಗುತ್ತಾರೆ, ಗಿಡ ಮುರಿಯುತ್ತವೆ. ಕೂಗಾಡಿ ಓಡಿಸುವುದು ಅಪ್ಪನ ರೀತಿ. ನಾನು ಕವಿಯಲ್ಲವೇ? ಕೊಟ್ಟಿಗೆ ಬಾಗಿಲಿಗೆ ಬಳಿದು ಉಳಿದಿದ್ದ ಪೇಂಟಿನಲ್ಲಿ ತಗಡಿನ ಮೇಲೆ ಬರೆದೆ:

ಹೂವ ನೋಡಿ, ಒಳಗೆ ಬರಬೇಡಿ,
ಗಿಡಕೆ ನೋವು ಆಗುತ್ತೆ;
ದೂರ ನಿಂತು ನಕ್ಕು ಹೋಗಿ,
ನಮ್ಮಪ್ಪಂಗೆ ಕೋಪ ಬರುತ್ತೆ.

ಎಲ್ಲರಿಗೂ ಕಾಣಲಿ ಎಂದು ಅದನ್ನು ಹೊಲದ ನಟ್ಟನಡುವೆ ನೆಟ್ಟೆ. ಅಲ್ಲೇ ಎಡವಟ್ಟಾದದ್ದು. ಕನ್ನಡ ಬಲ್ಲವರು ಬೋರ್ಡಿನ ಜೊತೆ ಫೋಟೊ ತೆಗೆಸಿಕೊಳ್ಳಲು ಒಳಗೆ ಬಂದರು. ಮಲಯಾಳಿಗಳು ಏನು ಬರೆದಿದೆ ಎಂದು ಕೇಳಲು ಒಳಗೆ ಬಂದರು. ಅರ್ಥ ಹೇಳಿದರೆ ನಕ್ಕು, ಅವರೂ ಫೋಟೊ ತೆಗೆಸಿಕೊಂಡರು. ನನ್ನ ಮೊದಲ ಓದುಗರು ಎಂದು ನಾನೂ ಹಲ್ಲು ಬಿಟ್ಟುಕೊಂಡು ನಿಂತಿದ್ದೆ. ಸಂಜೆ ಅಪ್ಪ ಬರುವಷ್ಟರಲ್ಲಿ ರಸ್ತೆಯಿಂದ ಬೋರ್ಡಿನವರೆಗೆ ಕಾಲುದಾರಿಯೇ ಆಗಿಹೋಗಿತ್ತು.

“ಏನ್ಲಾ ಇದು? ಬರಬ್ಯಾಡಿ ಅಂತ ಬರ್ದು ಊರ್‌ನೆಲ್ಲ ಕರ್ದುಬುಟ್ಟಿದ್ದೀಯಲ್ಲಾ!”

ನಿಜಕ್ಕೂ ಹೆದರಿಕೆಯಾಯಿತು. ಸಿಮೆಂಟಿನ ಧೂಳು ಆಗಲೇ ಮೂಗಿಗೆ ಬಡಿದಂತಾಯಿತು. ಮಾರನೆಯ ದಿನ ಬೆಳಗ್ಗೆಯೇ ಬೋರ್ಡು ಕಿತ್ತು, ರಸ್ತೆ ಬದಿಯ ಬದುವಿನ ಮೇಲೆ ನೆಟ್ಟೆ. ಅಲ್ಲಿ ನಿಂತರೆ ಬೆನ್ನ ಹಿಂದೆ ಹೊಲದ ಹೂವೆಲ್ಲ ಫೋಟೊದಲ್ಲಿ ಬರುತ್ತಿತ್ತು. ಕಾರಿನವರು ಅಲ್ಲೇ ನಿಂತು, ಫೋಟೊ ತೆಗೆದುಕೊಂಡು, ಹಾಗೇ ಹೋದರು. ಹೊಲಕ್ಕೆ ಒಬ್ಬರೂ ಕಾಲಿಡಲಿಲ್ಲ. ಆದರೆ ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಆ ಕೋಪದ ಅಪ್ಪ ಎಲ್ಲಿ?

ತೋರಿಸಿದೆ. ಅಪ್ಪ ಮೊದಮೊದಲು ಗುರಾಯಿಸಿದರು. ಆಮೇಲೆ ಬೋರ್ಡಿನ ಪಕ್ಕ ನಿಂತರು. ವಾರ ಕಳೆಯುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆ ತಿರುವಿ, ಕೋಪದ ಮುಖ ಮಾಡಲು ಹೋಗಿ ನಕ್ಕುಬಿಡುತ್ತಿದ್ದರು. ಬುತ್ತಿ ತಂದ ಅವ್ವ, “ಸಿನಿಮಾ ಈರೋ ಆಗ್ಬುಟ್ಟವ್ರೆ” ಎಂದು ಮುಖ ತಿರುವಿಕೊಂಡು ಹೋಗುತ್ತಿದ್ದಳು.

ಕೊಯ್ಲು ಮುಗಿದ ದಿನ ಮಾವ ಫೋನು ಮಾಡಿ, ಹುಡುಗನನ್ನು ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ನಾನು ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದೆ.

“ಇಲ್ಲ ಕಣಯ್ಯ, ಇವನ್ನ ಕಳ್ಸಕ್ಕಾಗಲ್ಲ. ಒಲ ನೋಡ್ಕತಾವ್ನೆ” ಎಂದರು ಅಪ್ಪ.

ಫೋನು ಇಟ್ಟ ಅಪ್ಪ, ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಮುಂದಿನ್ ಸಲ ಪದ್ಯಕ್ಕೆ ನಿಮ್ಮವ್ವನ್ನೂ ಸೇರ್ಸ್ಲಾ. ನನ್ ಜೊತೆ ಮಾತ್ ಬುಟ್ಟವ್ಳೆ.”